ಅನುಮತಿ ಪತ್ರದಲ್ಲಿ ಗೇಟಿನ ಅಗಲ ಎಲ್ಲಿದೆ?

ಕಳೆದ ವರ್ಷ ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಅನುಮತಿ ತರುವ ಕೆಲಸ ನನ್ನ ಪಾಲಿಗೆ ಬಂತು. ‘ನೀನು ಬಿಇ ಓದ್ತಿದ್ದೀಯ, ಅರ್ಜಿ ಬರೆಯೋಕೆ ನೀನೇ ಸರಿ’ ಎಂದು ಸಮಿತಿಯ ಅಣ್ಣಂದಿರು ಫೈಲ್ ಕೈಗಿಟ್ಟರು. ಪೊಲೀಸ್ ಠಾಣೆ, ನಗರಸಭೆ, ವಿದ್ಯುತ್ ಕಚೇರಿ, ಅಗ್ನಿಶಾಮಕ ಠಾಣೆ ಎಂದು ಎರಡು ದಿನ ಬೈಕಿನಲ್ಲಿ ಓಡಾಡಿದೆ. ಆಧಾರ್ ಜೆರಾಕ್ಸ್, ಜಾಗದವರ ಒಪ್ಪಿಗೆ ಪತ್ರ, ಏನಾದರೂ ಆದರೆ ನಾವೇ ಹೊಣೆ ಎಂಬ ಮುಚ್ಚಳಿಕೆ ಎಲ್ಲವನ್ನೂ ಕೊಟ್ಟೆ. ಮೂರ್ತಿ ಎಷ್ಟು ಅಡಿ, ಮಣ್ಣಿನದೋ ಪಿಒಪಿಯೋ, ಮೈಕ್ ಎಷ್ಟು ಗಂಟೆವರೆಗೆ, ವಿಸರ್ಜನೆ ಮೆರವಣಿಗೆ ಯಾವ ದಾರಿಯಲ್ಲಿ ಎಂದು ಕೇಳಿದರು. ಕೇಳಬೇಕಾದ್ದೇ. ಆದರೆ ಕೊನೆಯ ದಿನದ ಆರ್ಕೆಸ್ಟ್ರಾಗೆ ಎಷ್ಟು ಜನ ಬರಬಹುದು, ಅವರು ಹೊರಗೆ ಹೋಗುವ ದಾರಿ ಎಷ್ಟು ಅಗಲ ಇದೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮಗೇ ಗೊತ್ತಿರಲಿಲ್ಲ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತು ಆಗ ಮೂರು ತಿಂಗಳೂ ಆಗಿರಲಿಲ್ಲ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ನಾವೂ ಹಾಸ್ಟೆಲ್ ಟೆರೇಸ್ ಮೇಲೆ ಕುಣಿದವರೇ. ಮರುದಿನವೇ ವಿಜಯೋತ್ಸವ ನಡೆಯಿತು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಸತ್ತವರಲ್ಲಿ ಹಲವರು ನಮ್ಮ ವಯಸ್ಸಿನವರು. ಎಂಜಿನಿಯರಿಂಗ್ ಓದುತ್ತಿದ್ದವರೂ ಇದ್ದರು. ಬೆಂಗಳೂರಿನಲ್ಲಿ ಸಭೆ, ಮೆರವಣಿಗೆಗಳಿಗೆ ಮುಂಚಿತವಾಗಿ ಪೊಲೀಸರ ಅನುಮತಿ ಪಡೆಯಬೇಕೆಂಬ 2009ರ ಆದೇಶವೇ ಇದೆ. ಆಯೋಜಕರು ಅದರಂತೆ ಅನುಮತಿ ಕೇಳಲಿಲ್ಲ, ಕಾರ್ಯಕ್ರಮ ಇದೆ ಎಂದು ತಿಳಿಸಿದರಷ್ಟೇ ಎಂದು ಸರ್ಕಾರ ಹೈಕೋರ್ಟ್‌ಗೆ ಸಲ್ಲಿಸಿದ ವರದಿಯಲ್ಲಿ ಹೇಳಿತು. ಅದೇ ದಿನ ವಿಧಾನಸೌಧದ ಮುಂದೆ ತಂಡಕ್ಕೆ ಸರ್ಕಾರದ್ದೇ ಸನ್ಮಾನವೂ ನಡೆದಿತ್ತು. ಯಾರ ತಪ್ಪು ಎಷ್ಟು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ತಿಳಿಸುವುದಕ್ಕೂ ಅನುಮತಿ ಕೇಳುವುದಕ್ಕೂ ಇರುವ ವ್ಯತ್ಯಾಸವನ್ನಂತೂ ನಾವು ಅರಿಯಬೇಕು. ತಿಳಿಸಿದರೆ ಕೆಲಸ ಮುಗಿಯಿತು. ಅನುಮತಿ ಕೇಳಿದರೆ ‘ಹೇಗೆ ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು.

ಇಂಥ ಸಾವುಗಳನ್ನು ನಾವು ‘ಕಾಲ್ತುಳಿತ’ ಎನ್ನುತ್ತೇವೆ. ಜನ ಹುಚ್ಚೆದ್ದು ಒಬ್ಬರನ್ನೊಬ್ಬರು ತುಳಿದರು ಎಂಬ ಚಿತ್ರ ಆ ಪದದಲ್ಲೇ ಇದೆ. ವಾಸ್ತವದಲ್ಲಿ ಇಂಥ ಕಡೆ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಹೆಚ್ಚು ಜನ ನಿಂತರೆ ಅಪಾಯ ಶುರುವಾಗುತ್ತದೆ. ಏಳರ ಹತ್ತಿರ ಬಂದರೆ ಗುಂಪು ನೀರಿನಂತೆ ಅಲೆಯುತ್ತದೆ. ನಿಂತಲ್ಲೇ ಎದೆ ಒತ್ತಿಹೋಗಿ ಉಸಿರಾಡಲು ಆಗುವುದಿಲ್ಲ. ಮುಂದಿನವರಿಗೆ ಹೀಗಾಗುತ್ತಿದೆ ಎಂದು ಹಿಂದಿನವರಿಗೆ ತಿಳಿಯುವುದೂ ಇಲ್ಲ. ಅಲ್ಲಿ ಸಿಕ್ಕಿಕೊಂಡವರ ಶಿಸ್ತಿನಿಂದ ಇದನ್ನು ತಡೆಯಲಾಗದು. ಕಾರ್ಯಕ್ರಮಕ್ಕೆ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ತಡೆಯಬೇಕು.

ಆ ಲೆಕ್ಕ ಕಷ್ಟದ್ದೂ ಅಲ್ಲ. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತೆಗಾಗಿ ‘ಗ್ರೀನ್ ಗೈಡ್’ ಎಂಬ ಕೈಪಿಡಿ ಇದೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹಾದುಹೋಗಬಹುದು. ಎರಡು ಮೀಟರ್ ಗೇಟಾದರೆ 164 ಜನ. ಹತ್ತು ಸಾವಿರ ಜನ ಅದೊಂದೇ ಗೇಟಿನಲ್ಲಿ ಹೊರಬರಲು ಒಂದು ಗಂಟೆ ಬೇಕು. ಇದು ಪಿಯುಸಿ ಓದಿದ ಯಾರಾದರೂ ಮಾಡಬಹುದಾದ ಗುಣಾಕಾರ, ಭಾಗಾಕಾರ. ನಮ್ಮ ಅನುಮತಿ ಅರ್ಜಿಯಲ್ಲಿ ಇಲ್ಲದಿದ್ದುದು ಇದೇ.

‘ಹಬ್ಬ ಮಾಡೋಕೂ ಪರ್ಮಿಶನ್ ಬೇಕಾ? ನಮ್ಮ ಜಾತ್ರೆಗಳು ಯಾವ ಲೈಸೆನ್ಸ್ ಇಟ್ಟುಕೊಂಡು ಶುರುವಾದವು?’ ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಆದರೆ ಜಾತ್ರೆಗೆ ಅದರದೇ ಲೆಕ್ಕ ಇದೆ. ತೇರು ಎಳೆಯುವ ಊರಿನಲ್ಲಿ ರಥಬೀದಿ ಉಳಿದ ಬೀದಿಗಳಿಗಿಂತ ಅಗಲ. ಹಗ್ಗ ಹಿಡಿಯುವವರು ಯಾರು, ಚಕ್ರಕ್ಕೆ ಕಟ್ಟೆ ಕೊಡುವವರು ಯಾರು, ತೇರು ಎಲ್ಲಿ ನಿಲ್ಲಬೇಕು ಎಂಬುದು ತಲೆಮಾರುಗಳಿಂದ ಗೊತ್ತಿರುತ್ತದೆ. ಮೊಬೈಲ್‌ನಲ್ಲಿ ಒಂದು ಪೋಸ್ಟ್ ನೋಡಿ ನಾಲ್ಕೇ ಗಂಟೆಯಲ್ಲಿ ಸೇರುವ ಗುಂಪಿಗೆ ಅಂಥ ನೆನಪು ಇಲ್ಲ. ಆ ಕೊರತೆಯನ್ನು ಅನುಮತಿ ಪ್ರಕ್ರಿಯೆ ತುಂಬಬೇಕು.

ಅನುಮತಿಯೇ ಬೇಡ ಎನ್ನುವವರು ದಕ್ಷಿಣ ಕೊರಿಯಾದ ಸೋಲ್ ನಗರವನ್ನು ನೋಡಬೇಕು. 2022ರ ಅಕ್ಟೋಬರ್ 29ರಂದು ಇಟೆವಾನ್ ಎಂಬಲ್ಲಿನ ಇಕ್ಕಟ್ಟಿನ ಗಲ್ಲಿಯಲ್ಲಿ ಹ್ಯಾಲೋವಿನ್‌ಗೆ ಸೇರಿದ್ದ ಗುಂಪಿನಲ್ಲಿ ಸಿಲುಕಿ 159 ಮಂದಿ ಸತ್ತರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಆ ಹಬ್ಬಕ್ಕೆ ಅಧಿಕೃತ ಆಯೋಜಕರೇ ಇರಲಿಲ್ಲ. ಹಾಗಾಗಿ ಸುರಕ್ಷತಾ ಯೋಜನೆ ಮಾಡಿಕೊಡಬೇಕಾದವರೂ ಯಾರೂ ಇರಲಿಲ್ಲ.

ಬೆಂಗಳೂರಿನ ದುರಂತದ ನಂತರ, 2025ರ ಆಗಸ್ಟ್‌ನಲ್ಲಿ, ನಮ್ಮ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಎಷ್ಟು ಜನ ಸೇರುತ್ತಾರೆ ಎಂಬುದರ ಮೇಲೆ ಅನುಮತಿ ಕೊಡುವ ಅಧಿಕಾರಿ ಯಾರೆಂದು ನಿರ್ಧರಿಸುವ ಅದರ ಕ್ರಮ ಸರಿಯಾಗಿದೆ. ನನ್ನ ಆತಂಕ ಬೇರೆ. ಶಿಕ್ಷೆ, ದಂಡ, ಮುಚ್ಚಳಿಕೆಗಳನ್ನು ಮಾತ್ರ ಹೆಚ್ಚಿಸಿದರೆ ಅರ್ಜಿ ದಪ್ಪವಾಗುತ್ತದೆ, ಗೇಟು ಅಗಲವಾಗುವುದಿಲ್ಲ. ದೊಡ್ಡವರು ಒಂದು ಫೋನ್ ಮಾಡಿ ಕೆಲಸ ಮುಗಿಸುತ್ತಾರೆ. ಕಾಲೇಜಿನ ಫೆಸ್ಟ್, ಹಳ್ಳಿಯ ನಾಟಕ, ಸಣ್ಣ ಕನ್ನಡ ಸಂಘದ ರಾಜ್ಯೋತ್ಸವ ಮಾಡುವವರು ಕಚೇರಿ ಅಲೆದು ಸುಸ್ತಾಗಿ ಕೈಬಿಡುತ್ತಾರೆ, ಇಲ್ಲವೇ ಹೇಳದೆ ಕೇಳದೆ ಮಾಡುತ್ತಾರೆ. ಹೇಳದೆ ಮಾಡುವ ಕಾರ್ಯಕ್ರಮವೇ ಎಲ್ಲಕ್ಕಿಂತ ಅಪಾಯಕಾರಿ.

ಹಾಗಾಗಿ ನಾನು ಕೇಳುವುದು ಮೂರೇ. ಒಂದು, ಅರ್ಜಿಯ ಜೊತೆ ಒಂದು ಪುಟದ ನಕ್ಷೆ ಕಡ್ಡಾಯವಾಗಲಿ. ಜಾಗದ ಅಳತೆ, ಹಿಡಿಸುವ ಜನ, ಗೇಟುಗಳ ಅಗಲ, ಆಂಬುಲೆನ್ಸ್ ದಾರಿ, ಜಾಗ ತುಂಬಿದರೆ ಜನರನ್ನು ಎಲ್ಲಿ ತಡೆಯುತ್ತೀರಿ ಎಂಬುದು ಅದರಲ್ಲಿರಲಿ. ಎರಡು, ಎಲ್ಲ ಇಲಾಖೆಗಳಿಗೂ ಒಂದೇ ಅರ್ಜಿ, ಒಂದೇ ಕಿಟಕಿ ಇರಲಿ. ಗಣೇಶೋತ್ಸವಕ್ಕೆ ದೊಡ್ಡ ನಗರಗಳಲ್ಲಿ ಮಾಡುವ ಏಕಗವಾಕ್ಷಿ ವ್ಯವಸ್ಥೆ ವರ್ಷವಿಡೀ, ಎಲ್ಲ ಊರುಗಳಲ್ಲೂ ಸಿಗಲಿ. ‘ಇಲ್ಲ’ ಎನ್ನುವುದಾದರೆ ಏನು ಸರಿಪಡಿಸಬೇಕೆಂದು ಬರೆದುಕೊಡಲಿ. ಮೂರು, ನಿಯಮ ಎಲ್ಲರಿಗೂ ಒಂದೇ ಆಗಿರಲಿ. ಕಪ್ ಗೆದ್ದ ತಂಡಕ್ಕೂ ರಾಜಕೀಯ ಸಮಾವೇಶಕ್ಕೂ ಸರ್ಕಾರದ ಸ್ವಂತ ಕಾರ್ಯಕ್ರಮಕ್ಕೂ ಅದೇ ನಕ್ಷೆ ಬೇಕು.

ನಮ್ಮ ಬಡಾವಣೆಯ ಕಥೆ ಹೇಳಿ ಮುಗಿಸುತ್ತೇನೆ. ಅನುಮತಿ ಸಿಕ್ಕ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆರ್ಕೆಸ್ಟ್ರಾದ ಹಿಂದಿನ ಸಂಜೆ ಇಬ್ಬರು ಗೆಳೆಯರ ಜೊತೆ ಟೇಪ್ ಹಿಡಿದು ಮೈದಾನಕ್ಕೆ ಹೋದೆ. ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ಐದು ಅಡಿ ಅಗಲ. 1,500 ಜನ ಬಂದರೂ ಹನ್ನೆರಡು ನಿಮಿಷದಲ್ಲಿ ಖಾಲಿಯಾಗಬೇಕು. ಆದರೆ ಅದರ ಅರ್ಧವನ್ನು ಗೋಬಿ ಮಂಚೂರಿ ಗಾಡಿ ಹಿಡಿದಿತ್ತು. ಅಂದರೆ ಹತ್ತಿರಹತ್ತಿರ ಇಪ್ಪತ್ತೈದು ನಿಮಿಷ. ಗಾಡಿಯನ್ನು ಆಚೆ ಸರಿಸಿ, ಪಕ್ಕದ ಶಾಲೆಯವರನ್ನು ಕೇಳಿ ಅವರ ಹಿಂದಿನ ಗೇಟು ತೆರೆಸಿದೆವು. ‘ಇವರದೊಂದು ಅತಿಯಾಯ್ತು’ ಎಂದು ಅಣ್ಣಂದಿರು ಗೊಣಗಿದರು. ಮರುದಿನ ರಾತ್ರಿ ಕೊನೆಯ ಹಾಡಿಗೆ ಮಳೆ ಬಂತು. ಜನ ಒಟ್ಟಿಗೇ ಎದ್ದು ಎರಡೂ ಕಡೆಯಿಂದ ಓಡಿದರು. ಯಾರಿಗೂ ಏನೂ ಆಗಲಿಲ್ಲ.

ಈ ಸಲದ ಅರ್ಜಿಗೆ ಆ ನಕ್ಷೆಯನ್ನೂ ಲಗತ್ತಿಸುತ್ತಿದ್ದೇವೆ, ಯಾರೂ ಕೇಳದಿದ್ದರೂ.