ಸುರಕ್ಷತೆಯೂ ನಿತ್ಯ ಕಾಯಕವಾಗಲಿ

ಅನ್ನದಾಸೋಹವು ನಮ್ಮ ಮಠಗಳ ಉಸಿರು. ಜಾತ್ರೆಯ ದಿನಗಳಲ್ಲಿ ಸಾವಿರಾರು ಭಕ್ತರಿಗೆ, ಉಚಿತ ಪ್ರಸಾದ ನಿಲಯಗಳಲ್ಲಿ ವರ್ಷವಿಡೀ ನೂರಾರು ಮಕ್ಕಳಿಗೆ ಇಲ್ಲಿ ಪ್ರಸಾದ ಸಿದ್ಧವಾಗುತ್ತದೆ. ಇಷ್ಟೊಂದು ಜೀವಗಳ ಹೊಣೆ ಹೊತ್ತ ಅಡುಗೆಮನೆಯ ಸುರಕ್ಷತೆಯನ್ನು ದೈವಕ್ಕೆ ಬಿಟ್ಟು ಸುಮ್ಮನಿರುವುದನ್ನು ಉದಾಸೀನವೆಂದೇ ಕರೆಯಬೇಕಾಗುತ್ತದೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಅಸುನೀಗಿದರು. ಉರಿಯುವ ಒಲೆ, ಒಣಗಿದ ಗರಿ ಎರಡೂ ಎಲ್ಲರ ಕಣ್ಣಿಗೆ ಬೀಳುವಂಥವೇ. ನಿನ್ನೆಯವರೆಗೆ ಏನೂ ಆಗಲಿಲ್ಲವೆಂಬ ಧೈರ್ಯವೇ ಇಂಥ ಅಪಾಯಗಳನ್ನು ಮರೆಸುತ್ತದೆ.

ಅವಘಡವಾದ ಬಳಿಕ ಎಲ್ಲೆಡೆ ತಪಾಸಣೆ ನಡೆಯುತ್ತದೆ, ಗೋಡೆಗೆ ಫಲಕ ಏರುತ್ತದೆ, ಬೆಂಕಿ ನಂದಿಸುವ ಸಾಧನ ಬರುತ್ತದೆ. ಕೆಲವೇ ತಿಂಗಳಲ್ಲಿ ಫಲಕ ಮಾಸುತ್ತದೆ. ಸಾಧನದ ಅವಧಿ ಮುಗಿದುದನ್ನು ಯಾರೂ ಗಮನಿಸುವುದಿಲ್ಲ. ಜ್ವರ ಇಳಿಯುತ್ತಲೇ ಪಥ್ಯ ಬಿಡುವ ರೋಗಿಯ ನಡೆಯಿದು. ರೋಗದ ಕಾರಣವನ್ನೇ ದೂರವಿಡುವ ನಿದಾನ ಪರಿವರ್ಜನೆಯು ಆಯುರ್ವೇದ ಚಿಕಿತ್ಸೆಯ ಮೊದಲ ಹೆಜ್ಜೆ; ಆ ಫಲವನ್ನು ಉಳಿಸಿಕೊಡುವುದು ದಿನಚರ್ಯೆ. ಸಂಸ್ಥೆಗಳಿಗೂ ಇದೇ ಮಾತು ಸಲ್ಲುತ್ತದೆ.

ಅನ್ನ ಬೆಂದರೂ ಕೆಲವು ರೋಗಾಣುಗಳ ಬೀಜಕಗಳು ಸಾಯುವುದಿಲ್ಲ. ಅನ್ನವನ್ನು ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ಅವು ವೃದ್ಧಿಸಿ ವಿಷವನ್ನು ಬಿಡುತ್ತವೆ. ಮರಳಿ ಬಿಸಿ ಮಾಡಿದರೂ ವಾಂತಿ ತರುವ ಆ ವಿಷ ನಾಶವಾಗದು. ಆದುದರಿಂದ ಪ್ರಸಾದವನ್ನು 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಬಿಸಿಯಲ್ಲಿಡಬೇಕು, ಇಲ್ಲವೇ ಎರಡು ಗಂಟೆಯೊಳಗೆ ಬಡಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮಟ್ಟದಲ್ಲಿಯೇ ಹರಡಿಕೊಳ್ಳುತ್ತದೆ. ಎತ್ತರದ ಕಿಟಕಿಯೊಂದೇ ಸಾಲದು, ನೆಲದ ಬಳಿಯೂ ಗಾಳಿಕಿಂಡಿ ಬೇಕು. ಕಿಂಡಿಗೆ ಮೂಟೆ ಅಡ್ಡವಾಗಿದೆಯೇ, ಕೊಳವೆ ಬಿರುಕು ಬಿಟ್ಟಿದೆಯೇ ಎಂಬುದನ್ನು ದಿನವೂ ನೋಡಬೇಕು.

ಇದಕ್ಕಾಗಿ ಪ್ರತಿಯೊಂದು ದಾಸೋಹದಲ್ಲಿಯೂ ಒಬ್ಬರಿಗೆ ಸ್ಪಷ್ಟವಾದ ಹೊಣೆಯಿರಲಿ. ಅವರು ನೋಡಿದುದನ್ನು ಅಂದಂದೇ ಪುಸ್ತಕದಲ್ಲಿ ಬರೆಯಲಿ. ಆಡಳಿತ ಮಂಡಳಿಯು ತಿಂಗಳಿಗೊಮ್ಮೆ ಅದನ್ನು ಓದಿ, ಹೇಳಿದ್ದು ಆಗಿದೆಯೇ ಎಂದು ಕೇಳಲಿ. ಕಾಲು ಜಾರಿದರೂ ಪೆಟ್ಟಾಗದೆ ಉಳಿದದ್ದು, ಅನಿಲ ಸೋರಿದರೂ ಹೊತ್ತಿಕೊಳ್ಳದೆ ಹೋದದ್ದು ಕೂಡ ಅಲ್ಲಿ ದಾಖಲಾಗಬೇಕು. ಹೇಳಿದವರನ್ನು ಗದರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಅಪಾಯ ಮಾತ್ರ ಒಳಗೇ ಬೆಳೆಯುತ್ತದೆ. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಅಂಬಿಗರು, ಮಡಿವಾಳರು, ಸೌದೆ ಮಾರುವವರು ಸರಿಸಮನಾಗಿ ಕುಳಿತರು. ಪಾತ್ರೆ ತೊಳೆಯುವ ತಾಯಿಯ ಮಾತಿಗೂ ನಮ್ಮ ಸಭೆಗಳಲ್ಲಿ ಆ ಮನ್ನಣೆ ದೊರೆಯಲಿ.

ಕೆಲಸದ ನಡುವೆ ಇದೊಂದು ಹೊಸ ಹೊರೆಯೆಂದು ಕೆಲವರು ಹೇಳಬಹುದು. ದಿನಕ್ಕೆ ಹತ್ತು ನಿಮಿಷದ ಈ ಹೊರೆ, ಒಂದು ಮಗುವನ್ನು ಕಳೆದುಕೊಂಡ ತಂದೆತಾಯಿಗಳಿಗೆ ಉತ್ತರ ಹೇಳುವುದಕ್ಕಿಂತ ಹಗುರವಾದುದೇ. ಭಕ್ತರು ದಾಸೋಹಕ್ಕೆ ಅಕ್ಕಿ, ಬೇಳೆ ಅರ್ಪಿಸುವಾಗ ಆ ಪುಸ್ತಕದ ಬಗೆಗೂ ವಿನಯದಿಂದ ವಿಚಾರಿಸಲಿ. ಹಾಗೆ ಕೇಳುವುದೂ ಸೇವೆಯೇ.