‘ಯಾರಿಂದಾತು’ ಅನಬ್ಯಾಡ್ರಿ, ‘ಹೆಂಗಾತು’ ಅಂತ ಕೇಳ್ರಿ

ನಮ್ಮ ಮನಿಗಳೊಳಗ ಸಣ್ಣ ಹುಡುಗ್ರ ಕೈಗೆ ಏನರೆ ಆತಂದ್ರ ಮೊದಲ ಬರೂ ಮಾತು ‘ಹೆಂಗಾತು’ ಅಂತಲ್ಲ, ‘ಯಾರಿಂದಾತು’ ಅಂತ. ಈ ಚಾಳಿ ಬಿಡಬೇಕು ಅಂತ ಹೇಳಲಿಕ್ಕೇ ಇವತ್ತ ಬರೀಲಿಕ್ಕೆ ಕೂತೀನಿ. ಯಾಕಂದ್ರ ಇದರಾಗ ನನ್ನ ತಪ್ಪೂ ಅದ.

ಹೋದ ಶ್ರಾವಣದಾಗ ತಂಗಿ ತನ್ನ ಎರಡು ವರ್ಷದ ಮಗಳನ್ನ ಕರಕೊಂಡು ನಮ್ಮ ಮನಿಗೆ ಬಂದಿದ್ಳು. ಕೂಸನ್ನ ಅಂಗಡಿಗೆ ಕರಕೊಂಡು ಹೋದ್ರ, ಚಾಕಲೇಟ್ ಬೇಕಂತ ರಸ್ತೆದಾಗೇ ಕೂತುಬಿಡ್ತು. ಹಿಂದ ಟಂಟಂ ಬರ್ತಿತ್ತು. ಗಾಬರಿಯೊಳಗ ಒಂದೇ ಕೈ ಹಿಡದು ಲಟಕ್ಕನ ಜಗ್ಗಿ ಎತ್ತಿದೆ. ಮನಿಗೆ ಬಂದ್ರ ಕೂಸು ಬಲಗೈ ಸ್ವಲ್ಪ ಮಡಚಿ, ಹೊಟ್ಟಿಗೆ ಅವಚಿಕೊಂಡು ಕೂತದ. ಬಾವಿಲ್ಲ, ಕೆಂಪಿಲ್ಲ. ಬಿಸ್ಕಿಟ್ ಕೊಟ್ರ ಎಡಗೈಲೆ ತಗೊಂಡ್ತು. ತಂಗಿ ಕೇಳಿದಾಗ ನನ್ನ ಬಾಯಿಂದ ಬಂದದ್ದು, ‘ಬಿತ್ತವಾ’ ಅಂತ.

ದವಾಖಾನ್ಯಾಗೂ ಅದೇ ಸುಳ್ಳು ಹೇಳಿದೆ. ಡಾಕ್ಟರು, ‘ಬಿದ್ದದ್ದಾದ್ರ ಎಲುವು ಮುರದಿರಬಹುದು. ಕೈ ತಿರುವಿ ನೋಡೂದು ಬ್ಯಾಡ, ಮೊದಲ ಎಕ್ಸರೇ’ ಅಂದ್ರು. ಕೂಸಿನ ಮಾರಿ ನೋಡಿ ತಡಿಲಿಕ್ಕಾಗದ ಖರೇ ಹೇಳಿಬಿಟ್ಟೆ. ‘ಅದನ್ನ ಮೊದಲ ಹೇಳಬಾರ್ದೇನ್ರೀ’ ಅಂತ ಹೆಗಲಿಂದ ಬೆರಳತನಕ ಮುಟ್ಟಿ ನೋಡಿದ್ರು. ಆಮ್ಯಾಲೆ ಮೊಣಕೈ ಹಿಡದು, ಅಂಗೈ ಮ್ಯಾಲೆ ಮಾಡಿ ಮಡಚಿದ್ರು. ಟಕ್ ಅಂತು. ಹತ್ತು ನಿಮಿಷದಾಗ ಅದೇ ಕೈಲೆ ಅವರ ಪೆನ್ನು ಕಸಗೊಂಡ್ತು.

ಒಂದರಿಂದ ನಾಲ್ಕು ವರ್ಷದ ಕೂಸುಗಳಿಗೆ ಇದು ಭಾಳ ಆಗ್ತದಂತ. ಮೊಣಕೈಯೊಳಗ ಒಂದು ಎಲುವಿನ ತುದಿ ಸುತ್ತ ಉಂಗುರದ್ಹಂಗ ಒಂದು ನಾರು ಇರ್ತದ. ಕೈ ಜಗ್ಗಿದಾಗ ಅದು ಜಾರಿ ಸಂದಿನಾಗ ಸಿಕ್ಕೊಂತದ. ಎಕ್ಸರೇದಾಗ ಇದು ಸಾಮಾನ್ಯವಾಗಿ ಕಾಣೂದಿಲ್ಲ. ಡಾಕ್ಟರಿಗೆ ಗೊತ್ತಾಗೂದು ಕೂಸು ಕೈ ಹಿಡಕೊಂಡ ರೀತಿಯಿಂದ ಮತ್ತ ನಾವು ಹೇಳೂ ಮಾತಿನಿಂದ. ಆ ಮಾತೇ ಸುಳ್ಳಾದ್ರ?

ಬಿದ್ದು ಆದದ್ದು ಬ್ಯಾರೆನೇ ಇರ್ತದ. ನಮ್ಮ ಓಣಿಯ ಆರು ವರ್ಷದ ಹುಡುಗ ಪ್ಯಾರಲ ಗಿಡದಿಂದ ಅಂಗೈ ಊರಿ ಬಿದ್ದ. ಅಪ್ಪ ಹೊಡಿತಾನಂತ ಹೆದರಿ ಸಂಜಿತನಕ ಯಾರಿಗೂ ಹೇಳಲಿಲ್ಲ. ಬಾವು ಕಂಡ ಅಜ್ಜಿ ಎಣ್ಣಿ ತಿಕ್ಕಿ, ಬಿಗಿಯಾಗಿ ಅರಿವಿ ಕಟ್ಟಿದ್ರು. ರಾತ್ರಿ ಬೆರಳು ತಣ್ಣಗಾದ್ವು. ಮೊಣಕೈ ಮ್ಯಾಲಿನ ಎಲುವು ಮುರದು ಸರದಿತ್ತು. ಅಲ್ಲೇ ಕೈಗೆ ರಕ್ತ ಒಯ್ಯೂ ನಾಳ ಅದ. ಅವತ್ತ ರಾತ್ರಿನೇ ಆಪರೇಶನ್ ಮಾಡಿದ್ದಕ್ಕ ಕೈ ಉಳೀತು. ತಾಸುಗಟ್ಟಲೆ ರಕ್ತ ನಿಂತ್ರ ಬೆರಳು ಮುದುಡಿಕೊಂಡು ಜನ್ಮಪೂರ್ತಿ ಹಂಗೇ ಉಳೀತಾವು.

ಇನ್ನೊಂದು ಮಾತು. ಸಣ್ಣ ಹುಡುಗ್ರ ಮೊಣಕೈ ಪೂರಾ ಎಲುವಾಗಿರೂದಿಲ್ಲ, ಭಾಳಷ್ಟು ಮೆತ್ತನ್ನ ಎಲುವೇ ಇರ್ತದ. ಅದು ಎಕ್ಸರೇದಾಗ ಕಾಣೂದಿಲ್ಲ. ಒಂದು ವರ್ಷದಿಂದ ಹನ್ನೊಂದು ಹನ್ನೆರಡರತನಕ ಒಂದೊಂದೇ ಗಟ್ಟಿಯಾಗ್ತಾವು. ಅದಕ್ಕ ಡಾಕ್ಟರು ಒಮ್ಮೊಮ್ಮೆ ನೆಟ್ಟಗಿದ್ದ ಕೈಗೂ ಎಕ್ಸರೇ ತಗಿಸಿ ತಾಳೆ ನೋಡ್ತಾರ. ಬಿರುಕು ಕಾಣದಿದ್ರೂ ಪಟ್ಟಿ ಹಾಕಿ, ಎರಡು ವಾರ ಬಿಟ್ಟು ಬರ್ರಿ ಅಂತಾರ. ‘ಏನೂ ಇಲ್ಲಂದ ಮ್ಯಾಲೆ ಪಟ್ಟಿ ಯಾಕ, ರೊಕ್ಕಾ ಕೀಳ್ತಾರ’ ಅಂತ ನಾವೇ ಬಿಚ್ಚಬಾರದು.

‘ನಮ್ಮ ಕಾಲದಾಗ ಎಣ್ಣಿ ತಿಕ್ಕಿದ್ರ ಆರಾಮಾಗ್ತಿತ್ತು’ ಅಂತ ಅತ್ತಿಯಾರು ಅಂತಾರ. ಖರೇನೇ. ಜಗ್ಗಿ ಜಾರಿದ್ದು ಎಷ್ಟೋ ಸಲ ತಾನಾಗೇ ಕೂಡ್ತದ, ಹೆಸರು ಎಣ್ಣಿಗೆ ಬರ್ತದ. ಆದ್ರ ಮುರದ ಕೈ ತಿಕ್ಕಿದ್ರ ಇದ್ದದ್ದೂ ಕೆಡ್ತದ. ಯಾವುದು ಜಾರಿದ್ದು, ಯಾವುದು ಮುರದದ್ದು ಅಂತ ನಮಗ ಗೊತ್ತಾಗೂದು ಹೆಂಗ?

ಅದಕ್ಕ ಅಕ್ಕಂದಿರಾ, ವೈನಿಗಳಾ, ಕೂಸನ್ನ ಎತ್ತೂದಿದ್ರ ಎರಡೂ ಕಂಕಳಾಗ ಕೈ ಹಾಕಿ ಎತ್ರಿ. ಪೆಟ್ಟಾದ್ರ ತಿಕ್ಕಬ್ಯಾಡ್ರಿ, ಬಿಗಿಯಾಗಿ ಕಟ್ಟಬ್ಯಾಡ್ರಿ. ಕೈ ಇದ್ದ ಹಂಗೇ ಆಸರ ಕೊಟ್ಟು ದವಾಖಾನಿಗೆ ಕರಕೊಂಡು ಹೋಗ್ರಿ. ಎಲ್ಲಾಕಿಂತ ಮೊದಲ, ಸೊಸಿ ಇರ್ಲಿ, ಕೆಲಸದಾಕಿ ಇರ್ಲಿ, ಹುಡುಗನೇ ಇರ್ಲಿ, ಹೆದರದ ಖರೇ ಹೇಳೂ ಹಂಗ ಮನಿ ಇಟ್ಕೋರಿ. ಬೈಯೂದಿದ್ರ ಕೂಸು ಆರಾಮಾದ ಮ್ಯಾಲೆ ಬೈಯ್ರಿ.

ನನ್ನ ತಂಗಿ ಅಂತೂ ಬೈಯಲೇ ಇಲ್ಲ. ‘ಟಂಟಂ ಬರ್ತಿತ್ತಲ್ಲಕ್ಕಾ, ಮತ್ತೇನ ಮಾಡ್ತಿದ್ದಿ’ ಅಂದ್ಳು. ಮೊದಲೇ ಹೇಳಿದ್ರ ಕೂಸು ಅಷ್ಟೊತ್ತು ಅಳ್ತಿರಲಿಲ್ಲ.