ಆರೋಗ್ಯ ರಕ್ಷಣೆಯಲ್ಲಿ ಊರವರ ಪಾಲು

ಯಳಂದೂರು ತಾಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರಕಾರವು 1996ರಲ್ಲಿ ಕರುಣಾ ಟ್ರಸ್ಟಿನ ಆಡಳಿತಕ್ಕೆ ಒಪ್ಪಿಸಿದುದನ್ನು ನೋಡಿ, ಅದು ತನ್ನ ಹೊಣೆಯನ್ನು ಪರರ ಹೆಗಲಿಗೆ ಜಾರಿಸಿತೆಂದು ಆಕ್ಷೇಪಿಸುವುದು ಸುಲಭ. ಆದರೆ ಆ ಸಂಸ್ಥೆಯು ಹೊರಗಿನಿಂದ ಬಂದ ಗುತ್ತಿಗೆದಾರನಲ್ಲ. ಡಾ. ಸುದರ್ಶನರ ನೇತೃತ್ವದಲ್ಲಿ 1986ರಲ್ಲಿ ಹುಟ್ಟಿ, ಅದೇ ತಾಲೂಕಿನ ಕುಷ್ಠರೋಗಿಗಳ ಸೇವೆಯಲ್ಲಿ ಹತ್ತು ವರ್ಷಗಳನ್ನು ಸವೆಸಿದ ಮೇಲೆ ಅದು ಆ ಕೇಂದ್ರದ ಭಾರವನ್ನು ಹೊತ್ತಿತು. ಸಹಭಾಗಿತ್ವವೆಂದರೆ ಬರಿಯ ಕರಾರುಪತ್ರವೆಂದು ಬಗೆದಿರುವ ಅಧಿಕಾರಿವರ್ಗವು ಈ ಹತ್ತು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಂತಹ ಸಂಸ್ಥೆ ಎಲ್ಲ ತಾಲೂಕುಗಳಿಗೂ ದೊರೆಯಲಾರದು, ನಿಜ. ಊರವರಾದರೋ ಎಲ್ಲೆಡೆಯೂ ಇದ್ದಾರೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಊರೂರಿಗೆ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯನ್ನು ವಿಧಿಸಿ, ಸ್ಥಳೀಯ ಅಗತ್ಯಗಳಿಗಾಗಿ ವರ್ಷಕ್ಕೆ 10,000 ರೂಪಾಯಿಗಳವರೆಗೆ ಹಣವನ್ನು ಗೊತ್ತುಮಾಡಿತು. ಮೊತ್ತವೇನೋ ಅಲ್ಪ, ಪಟ್ಟಣದ ಒಂದು ಸನ್ಮಾನ ಸಮಾರಂಭದ ಹಾರತುರಾಯಿಗೂ ಸಾಲುವುದೋ ಇಲ್ಲವೋ! ಆದರೂ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದಕ್ಕೆ, ನಿಂತ ಚರಂಡಿಯನ್ನು ಹರಿಯಿಸುವುದಕ್ಕೆ, ಬಡ ಗರ್ಭಿಣಿಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸಾಗಿಸುವುದಕ್ಕೆ ಅದು ಒದಗಬಲ್ಲದು. ಯಾವುದು ಮೊದಲೆಂಬುದನ್ನು ಊರವರೇ ನಿರ್ಣಯಿಸಬೇಕು. ನಿರ್ಣಯವನ್ನು ಕಚೇರಿಯಲ್ಲಿ ಬರೆದಿಟ್ಟು ರುಜುವಿಗೆ ಮಾತ್ರ ಸದಸ್ಯರನ್ನು ಕರೆಯುವಲ್ಲಿ ಸಮಿತಿ ಇದ್ದೂ ಇಲ್ಲದಂತೆಯೇ. ಆರೋಗ್ಯಾಧಿಕಾರಿಗಳು ಈ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಲಿ. ಎದ್ದ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಕೊಡಿಸಲಿ.